ನಿಮ್ಮ ಹೆಸರಲ್ಲೇ ಇರಲಿ ಬಿಡಿ

ಪರದೇಶಕ್ಕೆ ಹೋಗಿ ನೆಲೆಯೂರುವುದು ಎಷ್ಟು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿಂದ ಎದ್ದು ಬರುವುದು ಎಷ್ಟು ಕಷ್ಟ ಎಂದು ಹೇಳುವವರು ಕಡಿಮೆ. ಹೇಳಿದರೂ ಕಣ್ಣೀರು, ಅಪ್ಪುಗೆ, ವಿಮಾನದ ಕಿಟಕಿಯಿಂದ ಕೊನೆಯ ನೋಟ, ಇಂಥವನ್ನೇ ಹೇಳುತ್ತಾರೆ. ಅವೆಲ್ಲ ಸಲೀಸು ಸ್ವಾಮಿ, ಅತ್ತುಬಿಟ್ಟರೆ ಮುಗಿಯಿತು. ನಿಜವಾದ ಕಷ್ಟವಿರುವುದು 'ಈ ಮನುಷ್ಯ ಇನ್ನು ಮುಂದೆ ಇಲ್ಲಿ ವಾಸವಾಗಿಲ್ಲ' ಎಂದು ಸರ್ಕಾರದ ಕಂಪ್ಯೂಟರಿನಲ್ಲಿ ಬರೆಸಿಕೊಳ್ಳುವುದರಲ್ಲಿ. ಮಸ್ಕತ್ತಿನ ನಾವೆಲ್ಲ ಇದಕ್ಕೆ 'ಕ್ಯಾನ್ಸಲ್ ಆಗುವುದು' ಎನ್ನುತ್ತೇವೆ. 'ಮೂರ್ತಿಯವರು ಕ್ಯಾನ್ಸಲ್ ಆದ್ರಂತೆ' ಎಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ. ಮೂರ್ತಿಯವರು ಗಟ್ಟಿಮುಟ್ಟಾಗಿಯೇ ಇರುತ್ತಾರೆ, ಅವರ ರೆಸಿಡೆಂಟ್ ಕಾರ್ಡು ಮಾತ್ರ ಹೋಗಿರುತ್ತದೆ. ಸಾಧಾರಣ ಮನುಷ್ಯ ಕ್ಯಾನ್ಸಲ್ ಆಗುವುದಕ್ಕೆ ಒಂದು ಬೆಳಗಿನ ಹೊತ್ತು ಸಾಕು. ಕಾಫಿ ಕುಡಿದು ಹೋದರೆ ಊಟಕ್ಕೆ ವಾಪಸ್ಸು ಬರಬಹುದು. ನಾನು ಸಾಧಾರಣ ಮನುಷ್ಯನಲ್ಲ ಎಂಬ ಸಂಗತಿ ನನಗೆ ಗೊತ್ತಾದದ್ದೇ ಆ ಹೊತ್ತಿನಲ್ಲಿ.

ಆ ಮೂರ್ತಿ ನಾನೇ, ಮೈಸೂರಿನವನು. ಎರಡು ದಶಕಕ್ಕೆ ಸ್ವಲ್ಪ ಕಡಿಮೆ ಕಾಲ ಮಸ್ಕತ್ತಿನ ಏರ್ ಕಂಡೀಷನಿಂಗ್ ಕಂಪನಿಯೊಂದರಲ್ಲಿ ಡ್ರಾಯಿಂಗು ತಿದ್ದುತ್ತಾ, ಅಲ್ ಗುಬ್ರಾದ ಒಂದು ಫ್ಲ್ಯಾಟಿನಲ್ಲಿ ಸಂಸಾರ ಮಾಡಿಕೊಂಡಿದ್ದೆ. ಅಡುಗೆಮನೆಯ ಕಿಟಕಿಯಿಂದ ಕರೆಂಟು ಮತ್ತು ಕುಡಿಯುವ ನೀರು ತಯಾರಿಸುವ ಸ್ಥಾವರದ ಚಿಮಣಿಗಳು ಕಾಣುತ್ತಿದ್ದವು. ಅತ್ತ ಅವರ ಕೆಲಸ ನಡೆಯುತ್ತಿತ್ತು, ಇತ್ತ ನಮ್ಮ ಒಗ್ಗರಣೆ. ನನಗೆ ಕುಡಿತವಿಲ್ಲ, ಜೂಜಿಲ್ಲ. ಇರುವ ಚಟ ಒಂದೇ, ಯಾರಾದರೂ ಏನಾದರೂ ಕೇಳಿದರೆ 'ಅದಕ್ಕೇನಂತೆ' ಎಂದುಬಿಡುವುದು. ಊರಿನಲ್ಲಾದರೆ ಇದರಿಂದ ಅಷ್ಟೇನೂ ಅಪಾಯವಿಲ್ಲ, ಹೆಚ್ಚೆಂದರೆ ಸ್ಕೂಟರ್ ಎರವಲು ಕೊಟ್ಟು ಪೆಟ್ರೋಲಿಲ್ಲದೆ ವಾಪಸ್ಸು ಪಡೆಯುತ್ತೀರಿ. ಗಲ್ಫಿನಲ್ಲಿ ಹಾಗಲ್ಲ. ಅಲ್ಲಿ ಹೊಸದಾಗಿ ಬಂದವರಿಗೆ ಮೊದಲು ರೆಸಿಡೆಂಟ್ ಕಾರ್ಡು ಕೈಗೆ ಬರಬೇಕು. ಅದಿಲ್ಲದೆ ಫೋನಿನ ಸಿಮ್ ಸಿಗುವುದಿಲ್ಲ, ಇಂಟರ್ನೆಟ್ ಸಿಗುವುದಿಲ್ಲ, ಮನೆಯ ಕರೆಂಟಿನ ಮೀಟರು ಹೆಸರಿಗಾಗುವುದಿಲ್ಲ. ಕಾರ್ಡು ಬರುವ ತನಕ ಪಾಪ, ಅವರೇನು ಕತ್ತಲೆಯಲ್ಲಿ ಕೂರಬೇಕೇ? ಆಗ ಯಾರಾದರೊಬ್ಬರು ಹೇಳುತ್ತಾರೆ: "ಗುಬ್ರಾದಲ್ಲಿ ಮೂರ್ತಿಯವರು ಅಂತಿದ್ದಾರೆ, ತುಂಬಾ ಒಳ್ಳೆಯವರು, ಅವರ ಕಾರ್ಡಲ್ಲಿ ತೊಗೊಳ್ಳಿ. ಆಮೇಲೆ ನಿಮ್ಮ ಹೆಸರಿಗೆ ಮಾಡಿಸ್ಕೊಂಡ್ರಾಯ್ತು."

ಈ 'ಆಮೇಲೆ' ಎಂಬುದು ಮಾತ್ರ ಯಾವತ್ತೂ ಬರಲಿಲ್ಲ. ಧಾರವಾಡದಿಂದ ಬಂದ ಹಿರೇಮಠರು ಅಲ್ ಮವಾಲೇಹ್‌ನಲ್ಲಿ ಮನೆ ಹಿಡಿದಾಗ ಮೀಟರು ನನ್ನ ಹೆಸರಿನಲ್ಲಿ ಆಯಿತು. ಅವರಿಗೆ ಕಾರ್ಡು ಬಂತು, ಕಾರು ಬಂತು, ಎರಡು ಮಕ್ಕಳೂ ಬಂದವು, ಮೀಟರು ಮಾತ್ರ ನನ್ನ ಹೆಸರಿನಲ್ಲೇ ತಿರುಗುತ್ತಿತ್ತು. ನಮ್ಮ ಕನ್ನಡದವರ ಗುಂಪಿಗೆ ರಾಜ್ಯೋತ್ಸವದ ಬ್ಯಾನರು, ಗಣಪತಿಯ ಥರ್ಮೋಕೋಲ್ ಮಂಟಪ, ಮಡಚುವ ಕುರ್ಚಿಗಳನ್ನೆಲ್ಲ ಇಡಲು ಒಂದು ಗೋದಾಮಿನ ಕೋಣೆ ಬೇಕಾಯಿತು, ಅದೂ ನನ್ನ ಹೆಸರಿಗೆ. ಇನ್ನು ಶೀನಣ್ಣನ ಫೋನು. ಶೀನಣ್ಣ ಉಡುಪಿ ಕಡೆಯವರು, ಗುಬ್ರಾದಲ್ಲಿ ಸಣ್ಣದೊಂದು ಮೆಸ್ ನಡೆಸುತ್ತಾರೆ. ಮೆಸ್ ಶುರು ಮಾಡುವಾಗ ನನ್ನ ಕಾರ್ಡಿನ ಮೇಲೆ ತೆಗೆದುಕೊಂಡ ನಂಬರು ಈಗ ಇಡೀ ಮಸ್ಕತ್ತಿನ ಕನ್ನಡಿಗರಿಗೆ ಬಾಯಿಪಾಠ. ಶುಕ್ರವಾರ ದೋಸೆಹಿಟ್ಟು ಬೇಕೆಂದರೆ ಆ ನಂಬರು, ಮನೆಗೆ ನೆಂಟರು ಬಂದರೆ ಆ ನಂಬರು, ಹೆಂಡತಿ ಊರಿಗೆ ಹೋದರಂತೂ ಮೂರು ಹೊತ್ತೂ ಆ ನಂಬರು. ಇದಲ್ಲದೆ ಯಾರು ಯಾರದೋ ಅತ್ತೆಯವರು ಬಾಣಂತನಕ್ಕೆ ಬಂದಾಗ ತೆಗೆದುಕೊಟ್ಟ ಸಿಮ್‌ಗಳು, ಬ್ರಹ್ಮಚಾರಿಗಳ ರೂಮಿನ ವೈಫೈ ಬೇರೆ. ನನ್ನ ಮಗಳು ಗುಬ್ರಾದ ಇಂಡಿಯನ್ ಶಾಲೆಯಲ್ಲಿ ಓದಿದವಳು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪೈಕಿ. ಅವಳು ಒಂದು ದಿನ "ಅಪ್ಪಾ, ಯೂ ಆರ್ ಎವ್ರಿಬಡೀಸ್ ಆಧಾರ್ ಕಾರ್ಡ್" ಎಂದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಬೀಗಿದೆ.

ಬೀಗಿದ್ದು ಸುಳ್ಳಲ್ಲ. ಹಿರೇಮಠರಿಗೆ ಕೆಲವೊಮ್ಮೆ ನಾನೇ ನೆನಪು ಮಾಡುತ್ತಿದ್ದೆ, "ಆ ಮೀಟರೊಂದು ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ" ಎಂದು. ಅವರು ಕೈ ಮುಗಿದು, "ಸರ, ಈಗ್ಯಾಕ್ರೀ ಗಡಿಬಿಡಿ? ನಿಮ್ಮ ಹೆಸರಿನ್ಯಾಗ ಇರ್ಲಿ ಬಿಡ್ರಿ. ನಿಮ್ಮ ಹೆಸರು ಇದ್ದಲ್ಲೆ ಬರಕತ್ತು ಇರ್ತದ" ಎನ್ನುತ್ತಿದ್ದರು. ಇಂಥ ಮಾತು ಕೇಳಿದ ಮೇಲೆ ಮೀಟರಿನ ವಿಷಯ ಮುಂದುವರಿಸುವುದು ಮನುಷ್ಯಮಾತ್ರದವರಿಂದ ಸಾಧ್ಯವೇ? ನನ್ನ ಹೆಂಡತಿ ವಿಜಯಾಗೆ ಸಾಧ್ಯವಿತ್ತು. "ಬರಕತ್ತು ಬೇಕಾದ್ರೆ ದೇವರ ಫೋಟೋ ಹಾಕ್ಕೊಳ್ಳಲಿ, ನಿಮ್ಮ ಕಾರ್ಡ್ ಯಾಕೆ?" ಎಂದು ಅವಳು ಮನೆಗೆ ಬಂದ ಮೇಲೆ ಹೇಳುತ್ತಿದ್ದಳು. ಮನೆಗೆ ಬಂದ ಮೇಲೆ ಹೇಳಿದ ಮಾತಿಗೆ ಬೆಲೆ ಕಡಿಮೆ ತಾನೇ.

ಹೀಗಿರುವಾಗ ಮೈಸೂರಿನಲ್ಲಿ ನಮ್ಮ ಮನೆ ಎದ್ದು ನಿಂತಿತು. ನಾವಿಬ್ಬರೂ ಮಸ್ಕತ್ತಿನಲ್ಲೇ ಇದ್ದುದರಿಂದ ಅದನ್ನು ಕಟ್ಟಿಸಿದ್ದು ವಿಜಯಾಳ ಅಣ್ಣ, ನನ್ನ ನಾಗರಾಜ ಭಾವ. ಬ್ಯಾಂಕಿನಿಂದ ನಿವೃತ್ತರಾದವರು, ಛತ್ರಿ, ಟೋಪಿ, ಅಳತೆ ಟೇಪು ಹಿಡಿದು ಬೆಳಗ್ಗೆಯಿಂದ ಸಂಜೆಯವರೆಗೆ ಮರಳಿನ ರಾಶಿಯ ಪಕ್ಕ ನಿಂತು ಕಟ್ಟಿಸಿದರು. ನನ್ನ ಕಂಪನಿಯ ಕರಾರೂ ಮುಗಿಯುವುದರಲ್ಲಿತ್ತು, ಇನ್ನು ಸಾಕು, ಊರಿಗೆ ಹೋಗಿಬಿಡೋಣ ಎಂದು ನಿಶ್ಚಯಿಸಿದೆವು. ಪುರೋಹಿತರು ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟುಕೊಟ್ಟರು. ಅದು ತಪ್ಪಿದರೆ ಮುಂದೆ ಆಷಾಢ, ಆಮೇಲೆ ಇನ್ನೇನೋ ದೋಷ, ಅಂತೂ ಬಹಳ ದಿನ ಒಳ್ಳೆಯ ಮುಹೂರ್ತವಿಲ್ಲ. ವಿಜಯಾ ಮತ್ತು ಮಗಳು ಮೊದಲೇ ಹೊರಟರು. "ಎಲ್ಲಾ ಕ್ಯಾನ್ಸಲ್ ಮಾಡಿಸ್ಕೊಂಡು ಬೇಗ ಬನ್ನಿ. ನೀವು ಬರೋದು ತಡ ಆದ್ರೆ ಅಣ್ಣ-ಅತ್ತಿಗೆ ಪೂಜೆಗೆ ಕೂತ್ಕೋತಾರಂತೆ, ಪುರೋಹಿತರು ಆಗತ್ತೆ ಅಂದ್ರು" ಎಂದು ವಿಮಾನ ನಿಲ್ದಾಣದಲ್ಲಿ ಹೇಳಿ ಹೋದಳು. ಭಾವ ನನ್ನ ಮನೆಯ ತಳಪಾಯಕ್ಕೆ ಗುದ್ದಲಿ ಪೂಜೆ ಮಾಡಿದ್ದಾರೆ, ಬಾಗಿಲು ನಿಲ್ಲಿಸುವ ಪೂಜೆ ಮಾಡಿದ್ದಾರೆ, ಸರಿ. ಆದರೆ ಒಂದು ಹಸು ಮತ್ತು ಭಾವ ನನಗಿಂತ ಮೊದಲು ನನ್ನ ಮನೆಯೊಳಗೆ ಹೋಗುವುದು ನನಗೆ ಸಹಿಸಲಾಗಲಿಲ್ಲ. ಹಸುವಿನದು ಪರವಾಗಿಲ್ಲ ಅನ್ನಿ, ಶಾಸ್ತ್ರದಲ್ಲಿದೆ.

ನಮ್ಮ ಕಂಪನಿಯ ಸರ್ಕಾರಿ ಕೆಲಸಗಳನ್ನೆಲ್ಲ ಓಡಾಡಿ ಮಾಡಿಸುವ ಮಂದೂಬ್ ಖಲ್ಫಾನ್. ಒಮಾನಿನವನು, ನನ್ನಷ್ಟೇ ವಯಸ್ಸು, ಬಿಳಿ ನಿಲುವಂಗಿ ದಿಶ್‌ದಾಶದ ಒಂದು ಮಡಿಕೆಯೂ ಮುರಿಯದಂತೆ ಕೂರುವವನು. ನಮ್ಮಂಥವರ ಜೊತೆ ಓಡಾಡಿ ಓಡಾಡಿ ಹಿಂದಿ ಕಲಿತಿದ್ದ. ಕಂಪನಿಯ ನಿಯಮವೇನೆಂದರೆ ಕ್ಯಾನ್ಸಲ್‌ಗೆ ಕಳಿಸುವ ಮೊದಲು ಕರೆಂಟು, ಫೋನು ಇತ್ಯಾದಿ ಯಾವುದೂ ನಮ್ಮ ಹೆಸರಿನಲ್ಲಿ ಉಳಿದಿರಬಾರದು. ಖಲ್ಫಾನ್ ತನ್ನ ಕಂಪ್ಯೂಟರಿನಲ್ಲಿ ನನ್ನ ಕಾರ್ಡಿನ ನಂಬರು ಹಾಕಿ ನೋಡಿದ. ನೋಡುತ್ತಾ ನೋಡುತ್ತಾ ಅವನ ಹುಬ್ಬು ಮೇಲೇರಿತು. ಪರದೆಯನ್ನು ನನ್ನ ಕಡೆ ತಿರುಗಿಸಿ, "ಮೂರ್ತಿ, ತುಮ್ ಏಕ್ ಆದ್ಮಿ ಹೈ, ಯಾ ಪೂರಾ ಕಂಪನಿ?" ಎಂದ. ನಾನು ನಕ್ಕೆ. ಅವನು ನಗಲಿಲ್ಲ. "ಗುಬ್ರಾ ಮೇ ತುಮ್. ಮವಾಲೇಹ್ ಮೇ ಭೀ ತುಮ್. ಗೋದಾಮ್ ಭೀ ತುಮ್. ದೂಸ್ರಾ ಬೀವಿ ಹೈ ಕ್ಯಾ ಮವಾಲೇಹ್ ಮೇ?" ಮವಾಲೇಹ್‌ನಲ್ಲಿ ಇರುವುದು ಹಿರೇಮಠರೆಂದೂ ಅವರಿಗೆ ದಪ್ಪ ಮೀಸೆಯಿದೆಯೆಂದೂ ನಾನು ವಿವರಿಸಬೇಕಾಯಿತು. ಎಲ್ಲ ಕೇಳಿದ ಮೇಲೆ ಖಲ್ಫಾನ್ ಒಂದೇ ಮಾತು ಹೇಳಿದ: "ಪೆಹಲೇ ಯೇ ಸಬ್ ಖಲಾಸ್. ಫಿರ್ ತುಮ್ ಖಲಾಸ್."

ಸರಿ, ಒಬ್ಬೊಬ್ಬರಿಗೂ ಫೋನು ಮಾಡಿದೆ. ನಾನು ಹೋಗುತ್ತಿದ್ದೇನೆ, ನಿಮ್ಮದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಎಂದೆ. ನಮ್ಮ ಜನರ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಮಾಡಲು ಬೇಸರವಾಗುವ ಕೆಲಸವನ್ನು ಯಾರಾದರೂ ಹೇಳಿದರೆ ನಾವು ಅವರನ್ನು ಊಟಕ್ಕೆ ಕರೆಯುತ್ತೇವೆ. "ಅಯ್ಯೋ, ನಿಜವಾಗ್ಲೂ ಹೊರಟ್ರಾ? ಹಾಗಾದ್ರೆ ಗುರುವಾರ ನಮ್ಮನೇಗೆ ಊಟಕ್ಕೆ ಬರಲೇಬೇಕು!" ಎಂದು ಮೊದಲನೆಯವರು ಫೋನಿಟ್ಟರು. ಗುರುವಾರ ಹೋದೆ. ಬಿಸಿಬೇಳೆಬಾತು, ಎರಡು ಪಲ್ಯ, ಪಾಯಸ. ಪಾಯಸದ ಮೇಲೆ ಸಿಮ್ಮಿನ ಮಾತೆತ್ತುವುದು ಹೇಗೆ? ಹಾಗೆಯೇ ಶುಕ್ರವಾರ ಇನ್ನೊಂದು ಮನೆ, ಶನಿವಾರ ಮತ್ತೊಂದು. ಕನ್ನಡದವರ ಗುಂಪಿನವರು ಒಂದು ಹಾಲು ಹಿಡಿದು ದೊಡ್ಡ ಬೀಳ್ಕೊಡುಗೆಯನ್ನೇ ಮಾಡಿಬಿಟ್ಟರು. ಪೇಟ, ಶಾಲು, ಹಣ್ಣಿನ ಬುಟ್ಟಿ. ಭಾಷಣ ಮಾಡಿದವರೊಬ್ಬರು ಗದ್ಗದರಾಗಿ, "ಮೂರ್ತಿಯವರ ಹೆಸರು ಈ ನಾಡಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ" ಎಂದರು. ಜನ ಚಪ್ಪಾಳೆ ತಟ್ಟಿದರು. ನನಗೊಬ್ಬನಿಗೆ ಮಾತ್ರ ಗಾಬರಿಯಾಯಿತು, ಏಕೆಂದರೆ ಅದು ಅಕ್ಷರಶಃ ನಿಜವಾಗುವ ಲಕ್ಷಣ ಕಾಣುತ್ತಿತ್ತು.

ಬೀಳ್ಕೊಡುಗೆ ಆದ ಮೇಲೂ ಊರು ಬಿಡದವನ ಸ್ಥಿತಿ ಯಾರಿಗೂ ಬೇಡ. ಮಂಚ, ಫ್ರಿಜ್ಜು, ವೆಟ್ ಗ್ರೈಂಡರು ಎಲ್ಲವನ್ನೂ ಯಾರು ಯಾರಿಗೋ ಕೊಟ್ಟಾಗಿತ್ತು. ಕಾರೂ ಹೋಗಿತ್ತು. ಖಾಲಿ ಫ್ಲ್ಯಾಟಿನಲ್ಲಿ ಒಂದು ಚಾಪೆ, ಒಂದು ಕೆಟಲ್, ಸನ್ಮಾನದ ಹಣ್ಣಿನ ಬುಟ್ಟಿ ಮತ್ತು ನಾನು. ನೆಲದ ಮೇಲೆ ಕೂತು ಸೇಬು ತಿನ್ನುತ್ತಾ, ಚಳಿಯಾದಾಗ ಸನ್ಮಾನದ ಶಾಲು ಹೊದ್ದುಕೊಳ್ಳುತ್ತಿದ್ದೆ. ಮಸ್ಕತ್ತಿನಲ್ಲಿ ಚಳಿಯೇ ಎನ್ನಬೇಡಿ, ಏಸಿ ನಮ್ಮದೇ ಕಂಪನಿಯದು, ಹೊರಡುವ ಹೊತ್ತಿಗೆ ಕಡಿಮೆ ಮಾಡುವ ಗುಂಡಿ ಕೆಟ್ಟಿತ್ತು. ಒಂದು ಸಂಜೆ ಮವಾಲೇಹ್‌ನ ತರಕಾರಿ ಮಾರುಕಟ್ಟೆಗೆ ಹೋಗಿದ್ದೆ. ಎದುರಿಗೆ ಭಾಷಣದಲ್ಲಿ ಗದ್ಗದರಾದವರೇ ಬರುತ್ತಿದ್ದರು. ಅಷ್ಟು ಅತ್ತವರಿಗೆ ಮುಖ ತೋರಿಸುವುದು ಹೇಗೆಂದು ಕಲ್ಲಂಗಡಿ ರಾಶಿಯ ಹಿಂದೆ ಕುಳಿತೆ. ಅವರು ಸೀದಾ ಅಲ್ಲಿಗೇ ಬಂದು ಕಲ್ಲಂಗಡಿ ತಟ್ಟತೊಡಗಿದರು. ತಟ್ಟುತ್ತಾ ಬಗ್ಗಿ ನೋಡಿ, "ಓ! ಮೂರ್ತಿಯವ್ರು! ನೀವಿನ್ನೂ ಹೋಗಿಲ್ವೇ?" ಎಂದರು. ಆ ದನಿಯಲ್ಲಿದ್ದ ನಿರಾಶೆ ಈಗಲೂ ಕಿವಿಯಲ್ಲಿದೆ. ಕೊಟ್ಟ ಶಾಲನ್ನು ವಾಪಸ್ಸು ಕೇಳುತ್ತಾರೋ ಎನ್ನಿಸಿತು.

ಅವತ್ತೇ ನಾನು ಗಟ್ಟಿ ಮನಸ್ಸು ಮಾಡಿದೆ. ಅಲ್ಲಿಂದಲೇ ಹಿರೇಮಠರ ಮನೆಗೆ ನಡೆದೆ. ಅವರು "ಬರ್ರಿ ಸರ, ರೊಟ್ಟಿ ಆಗ್ಯಾವ" ಎಂದು ಶುರು ಮಾಡುವಷ್ಟರಲ್ಲಿ, "ರೊಟ್ಟಿ ಬೇಡ. ಭಾನುವಾರ ಬೆಳಗ್ಗೆ ಈ ಮೀಟರ್ ಕಟ್ ಮಾಡಿಸ್ತಿದೀನಿ" ಎಂದುಬಿಟ್ಟೆ. ಹಿರೇಮಠರು ನಕ್ಕರು: "ನೀವ್ ಹಂಗೆಲ್ಲ ಮಾಡೋ ಪೈಕಿ ಅಲ್ಲ ಬಿಡ್ರಿ ಸರ." ಸತ್ಯವಾಗಿಯೂ ನಾನು ಹಾಗೆ ಮಾಡುವ ಪೈಕಿಯಲ್ಲ. ಆದರೆ ಒಳಗಿನಿಂದ ಅವರ ಹೆಂಡತಿ ಈ ಮಾತು ಕೇಳಿಸಿಕೊಂಡು ಕೈಯಲ್ಲಿ ಲಟ್ಟಣಿಗೆ ಹಿಡಿದೇ ಹೊರಗೆ ಬಂದರು. "ಬ್ಯಾಸಗ್ಯಾಗ ಏಸಿ ಇಲ್ದ ಮಕ್ಕಳನ್ನ ಮಲಗಸ್ಲ್ಯಾ? ಅವರು ಎಷ್ಟ್ ಸಲ ಹೇಳ್ಯಾರ ನಿಮಗ! ನಾಳೆ ಆಫೀಸ್ ಬಿಟ್ಟು ಮೊದ್ಲ ಅದನ್ನ ಮಾಡ್ಕೊಂಡ್ ಬರ್ರಿ" ಎಂದರು. ಮರುದಿನ ಮಧ್ಯಾಹ್ನದೊಳಗೆ ಮೀಟರು ಹಿರೇಮಠರ ಹೆಸರಿಗೆ ಆಯಿತು. ಇಷ್ಟು ವರ್ಷ ನಾನು ತಪ್ಪು ವ್ಯಕ್ತಿಯನ್ನು ಕೇಳುತ್ತಿದ್ದೆ. ಈ ಗುಟ್ಟು ತಿಳಿದ ಮೇಲೆ ಉಳಿದ ಮನೆಗಳಲ್ಲೂ ಗಂಡಂದಿರು ಆಫೀಸಿನಲ್ಲಿರುವ ಹೊತ್ತು ನೋಡಿಕೊಂಡು ಫೋನು ಮಾಡಿದೆ, ಸಿಮ್‌ಗಳು, ವೈಫೈಗಳು ಪಟಪಟನೆ ಕಳಚಿಕೊಂಡವು. ಗೋದಾಮಿನ ಕೋಣೆಗೆ ದಾವಣಗೆರೆಯಿಂದ ಹೊಸದಾಗಿ ಬಂದಿದ್ದ ಒಬ್ಬರು ಮುಂದೆ ಬಂದರು. ಅವರಿಗೆ ಹಿಂದಿನ ವಾರವಷ್ಟೇ ಕಾರ್ಡು ಬಂದಿತ್ತು. "ಅದಕ್ಕೇನಂತೆ ಸಾರ್, ನನ್ನ ಹೆಸರಿಗೆ ಮಾಡಿ" ಎಂದಾಗ ಅವರ ಮುಖ ಬೆಳಗುತ್ತಿತ್ತು. ನಾನು ಎಚ್ಚರಿಕೆ ಹೇಳಬೇಕೆಂದುಕೊಂಡವನು ಬೇಗ ಫಾರಂ ಮುಂದಿಟ್ಟೆ. ಮುಹೂರ್ತ ಹತ್ತಿರ ಬರುತ್ತಿತ್ತು.

ಉಳಿದದ್ದು ಶೀನಣ್ಣನ ನಂಬರು ಒಂದು. ಮುಹೂರ್ತಕ್ಕೆ ಉಳಿದಿದ್ದ ದಿನಗಳನ್ನು ಒಂದು ಕೈಯ ಬೆರಳಿನಲ್ಲಿ ಎಣಿಸಬಹುದಿತ್ತು. ಆ ನಂಬರನ್ನು ಸುಮ್ಮನೆ ರದ್ದು ಮಾಡಿಸಿದ್ದರೆ ನನ್ನ ಕೆಲಸ ಆಗಲೇ ಮುಗಿಯುತ್ತಿತ್ತು, ಖಲ್ಫಾನನೂ ಅದನ್ನೇ ಹೇಳಿದ. ಆದರೆ ಶೀನಣ್ಣ ಮೆಸ್ಸಿನ ಹಿತ್ತಲಿನಲ್ಲಿ ನನ್ನನ್ನು ನಿಲ್ಲಿಸಿಕೊಂಡು, "ಎಂತ ಸಾರ್ ಇದು, ಆ ನಂಬರ್ ಹೋದ್ರೆ ನಾನೇ ಹೋದ ಹಾಗೆ ಅಲ್ವಾ ಮಾರಾಯ್ರೆ? ಬೋರ್ಡಿನ ಹೆಸರು ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ಗೊತ್ತಿರೂದು ಆ ನಂಬರೇ. ನಾನು ಬೇಡ ಅಂತ ಹೇಳೂದಿಲ್ಲ, ಆದ್ರೆ ನನ್ನ ಕಾರ್ಡೇ ರಿನ್ಯೂ ಆಗ್ಲಿಲ್ಲ ಅಲ್ವಾ" ಎಂದರು. ಅವರ ಕಣ್ಣಿನಲ್ಲಿ ನೀರಿತ್ತು. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು ನಿಜ, ಆದರೂ ನನಗೆ ಸಂಕಟವಾಯಿತು. ಅವರ ಮೆಸ್ಸಿನ ಲೈಸೆನ್ಸು ಇರುವುದು ಅವರ ಕಫೀಲ್, ಅಂದರೆ ಪ್ರಾಯೋಜಕರ ಹೆಸರಿನಲ್ಲಿ. ಕಾರ್ಡು ರಿನ್ಯೂ ಆಗಲು ಕಫೀಲ್ ಒಪ್ಪಿಗೆ ಕೊಡಬೇಕು. ವಯಸ್ಸಾದ ಆ ಹಿರಿಯರು ಮಸ್ಕತ್ತಿನಿಂದ ಎರಡು ಗಂಟೆ ದಾರಿಯ ಇಬ್ರಾದ ತಮ್ಮ ಖರ್ಜೂರದ ತೋಟದಲ್ಲಿದ್ದರು. ಒಪ್ಪಿಗೆಯನ್ನು ಮೊಬೈಲಿನಲ್ಲೇ ಒತ್ತಿ ಕೊಡಬಹುದು, ಅವರು ಮಾತ್ರ ಒತ್ತುವವರಲ್ಲ. "ಮುಖ ನೋಡದೆ ಎಂಥ ಒಪ್ಪಿಗೆ? ಬಂದು ಕಾವಾ ಕುಡಿ, ಆಮೇಲೆ ನೋಡೋಣ" ಎಂಬುದು ಅವರ ಪದ್ಧತಿ. ಕಾವಾ ಎಂದರೆ ಏಲಕ್ಕಿ ಹಾಕಿದ ಅರಬಿ ಕಾಫಿ. ಶೀನಣ್ಣ ಮೆಸ್ಸು ಬಿಟ್ಟು ಹೋಗಲಾಗದೆ ದಿನ ದೂಡುತ್ತಿದ್ದರು. ನಾನು "ಯಲ್ಲಾ ಶೀನಣ್ಣ, ಹೊರಡೋಣ, ನಾಳೆ ಬೆಳಗ್ಗೆ ಇಬ್ರಾ" ಎಂದೆ.

ಮೆಸ್ಸಿನ ವ್ಯಾನಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಗೋಳಿಬಜೆಯ ಡಬ್ಬಿ, ಕಫೀಲರಿಗೆ ಅದೆಂದರೆ ಪ್ರಾಣವಂತೆ. ಬೋಳು ಗುಡ್ಡಗಳ ನಡುವೆ ಹೋಗುವಾಗ ವಿಜಯಾಳ ಫೋನು. "ಎಲ್ಲಿದೀರಾ?" "ಇಬ್ರಾಗೆ ಹೋಗ್ತಿದೀನಿ." "ಇಬ್ರಾಗಾ? ಮೈಸೂರಿಗೆ ಬನ್ನಿ ಅಂದ್ರೆ ಇಬ್ರಾಗೆ ಟೂರ್ ಹೋಗ್ತಿದೀರಾ? ಅಣ್ಣ ಆಗಲೇ ರೇಷ್ಮೆ ಪಂಚೆ ಇಸ್ತ್ರಿ ಮಾಡಿಸಿ ಇಟ್ಕೊಂಡಿದಾನೆ!" ಆ ರೇಷ್ಮೆ ಪಂಚೆ ಕಣ್ಮುಂದೆ ಬಂದು ನಿಂತಿತು. ತೋಟದ ಮನೆ ತಲುಪಿದಾಗಲೂ ನನ್ನ ತಲೆಯಲ್ಲಿ ಅದೇ. ಹಿರಿಯರು ನಮ್ಮನ್ನು ರತ್ನಗಂಬಳಿಯ ಮೇಲೆ ಕೂರಿಸಿ ಖರ್ಜೂರ, ಹಲ್ವಾ ಇಟ್ಟರು, ಪುಟ್ಟ ಬಟ್ಟಲಿಗೆ ಕಾವಾ ಸುರಿದರು. ಸಾಕಾಯಿತು ಎನ್ನಲು ಖಾಲಿ ಬಟ್ಟಲನ್ನು ಸ್ವಲ್ಪ ಅಲುಗಿಸಿ ಕೊಡಬೇಕು, ಇದು ಒಮಾನಿನಲ್ಲಿ ಒಂದು ವಾರ ಇದ್ದವರಿಗೂ ಗೊತ್ತು. ನಾನು ರೇಷ್ಮೆ ಪಂಚೆಯ ಯೋಚನೆಯಲ್ಲಿ ಬಟ್ಟಲನ್ನು ಅಲುಗಿಸದೆ ಹಿಡಿದುಕೊಂಡೇ ಕೂತೆ. ಅವರು ಸುರಿದರು. ಕುಡಿದೆ. ಮತ್ತೆ ಸುರಿದರು. ಹಿರಿಯರ ಮುಖದಲ್ಲಿ ಸಂತೋಷ ಉಕ್ಕುತ್ತಿತ್ತು, ಇಷ್ಟು ಪ್ರೀತಿಯಿಂದ ಕಾವಾ ಕುಡಿಯುವ ಇಂಡಿಯಾದವನನ್ನು ಅವರು ಕಂಡಿರಲಿಲ್ಲವೆಂದು ಕಾಣುತ್ತದೆ. ಕೊನೆಗೆ ಶೀನಣ್ಣ ನನ್ನ ಮೊಣಕೈ ತಿವಿದು, "ಬಟ್ಲು ಅಲ್ಲಾಡ್ಸಿ ಮಾರಾಯ್ರೆ, ಇಲ್ಲದಿದ್ರೆ ಸಂಜೆವರೆಗೂ ಇದೇ" ಎಂದರು.

ಅಲ್ಲಾಡಿಸಿದ್ದೂ ಆಯಿತು, ಆದರೆ ತಡವಾಗಿತ್ತು. ಅಷ್ಟು ಹೊತ್ತಿಗೆ ಹಿರಿಯರು ನನ್ನನ್ನು ಊಟಕ್ಕೂ ನಿಲ್ಲಿಸಿಕೊಳ್ಳುವುದೆಂದು ತೀರ್ಮಾನಿಸಿಯಾಗಿತ್ತು. ನಾನು ಸಸ್ಯಾಹಾರಿ ಎಂದು ತಿಳಿದು ಅನ್ನ, ಮೊಸರು, ತೋಟದ ಮೂಲಂಗಿ ಸೊಪ್ಪು ತರಿಸಿದರು. ಬಂದ ಕಾರಣವನ್ನು ಶೀನಣ್ಣ ಅರಬಿ ಹಿಂದಿ ಬೆರೆಸಿ ವಿವರಿಸಿದರು. ಹಿರಿಯರು ನನ್ನನ್ನೇ ನೋಡುತ್ತಾ ಹಿಂದಿಯಲ್ಲಿ ನಿಧಾನವಾಗಿ ಕೇಳಿದರು, ನಿನ್ನ ಮನೆಯ ಪೂಜೆ ಬಿಟ್ಟು ಇವನ ಫೋನಿಗಾಗಿ ಇಷ್ಟು ದೂರ ಬಂದೆಯಾ? ನಾನು ತಲೆದೂಗಿದೆ. ಅವರು ಮೊಮ್ಮಗಳನ್ನು ಕರೆದು ಮೊಬೈಲು ತರಿಸಿ, ಒಪ್ಪಿಗೆಯ ಗುಂಡಿ ಒತ್ತಿದರು. ಒತ್ತಲು ಬೇಕಾದದ್ದು ಒಂದು ಕ್ಷಣ. "ಖಲಾಸ್" ಎಂದು ಗೋಳಿಬಜೆಗೆ ಕೈ ಹಾಕಿದರು. ವಾಪಸ್ಸು ಬರುವಾಗ ಶೀನಣ್ಣ ವ್ಯಾನಿನ ವೇಗ ತಗ್ಗಿಸಿದರು. ಆಮೇಲೆ, "ನೀವು ಕಟ್ ಮಾಡ್ಸಿ ಹೋಗ್ಬಹುದಿತ್ತು ಸಾರ್. ಬೇರೆಯವ್ರಾದ್ರೆ ಹಾಗೇ ಮಾಡ್ತಿದ್ರು" ಎಂದರು. ಆ ಮಾತು ಬೀಳ್ಕೊಡುಗೆಯ ಪೇಟಕ್ಕಿಂತ ನನ್ನ ತಲೆಗೆ ಚೆನ್ನಾಗಿ ಕೂತಿತು.

ಶೀನಣ್ಣನ ಕಾರ್ಡು ಬಂತು, ನಂಬರು ಅವರ ಹೆಸರಿಗಾಯಿತು. ಮರುದಿನ ಬೆಳಗ್ಗೆ ಖಲ್ಫಾನ್ ಮತ್ತೆ ನನ್ನ ನಂಬರು ಹಾಕಿ ನೋಡಿದ. ಪರದೆ ಸ್ವಚ್ಛವಾಗಿತ್ತು. ನನ್ನ ಕಾರ್ಡು ಇಸಿದುಕೊಂಡು ಒಳಗೆ ಹೋದವನು ಬರಿಗೈಯಲ್ಲಿ ಹೊರಗೆ ಬಂದ. "ಅಬ್ ತುಮ್ ಖಲಾಸ್" ಎಂದು ನಗುತ್ತಾ ಹೇಳಿದವನು, ಏನನ್ನಿಸಿತೋ, ದಿಶ್‌ದಾಶದ ಮಡಿಕೆಯ ಚಿಂತೆ ಬಿಟ್ಟು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡ. ನಿಜ ಹೇಳುತ್ತೇನೆ, ನನಗೆ ಅಳು ಬಂತು. ಮೊದಲು ಅಳುವುದು ಸಲೀಸು ಎಂದೆನಲ್ಲ, ಆ ಮಾತು ವಾಪಸ್ಸು ತೆಗೆದುಕೊಳ್ಳುತ್ತೇನೆ. ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಸಂಜೆಯ ದೀಪಗಳು ಹತ್ತಿಕೊಳ್ಳುತ್ತಿದ್ದವು. ಅವುಗಳಲ್ಲಿ ಒಂದೂ ನನ್ನ ಹೆಸರಿನಲ್ಲಿ ಇರಲಿಲ್ಲ. ಇಷ್ಟು ದಿನ ಯಾವುದಕ್ಕಾಗಿ ಒದ್ದಾಡಿದೆನೋ ಅದು ಸಿಕ್ಕಾಗ ಜೇಬು ಕತ್ತರಿಸಿಕೊಂಡವನ ಹಾಗೆ ಮತ್ತೆ ಮತ್ತೆ ಕಾರ್ಡಿಲ್ಲದ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಬೆಂಗಳೂರಿನಲ್ಲಿ ಇಳಿದು, ಟ್ಯಾಕ್ಸಿಯವನನ್ನು ಓಡಿಸು ಓಡಿಸು ಎಂದು ಪೀಡಿಸಿ ಮೈಸೂರು ಸೇರಿದಾಗ, ಮನೆಯ ಮುಂದೆ ಹಸು ಬಂದು ನಿಂತಿತ್ತು. ಅದರ ಪಕ್ಕದಲ್ಲಿ ರೇಷ್ಮೆ ಪಂಚೆಯ ಭಾವ. ನನ್ನನ್ನು ಕಂಡದ್ದೇ, "ಬಂದ್ರಾ! ಬನ್ನಿ ಬನ್ನಿ, ನಿಮಗೋಸ್ಕರ ಹಸೂನ ಮಾತಾಡಿಸ್ತಾ ನಿಲ್ಲಿಸ್ಕೊಂಡಿದೀನಿ" ಎಂದು ತಾವು ಹೆಗಲಿಗೆ ಹಾಕಿಕೊಂಡಿದ್ದ ಶಲ್ಯವನ್ನು ನನಗೆ ಹೊದಿಸಿದರು. ನಾನು ಮನಸ್ಸಿನಲ್ಲಿ ಅವರಿಗೆ ಅಂದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಹಸುವಿನ ಹಿಂದೆ ನಾನೂ ವಿಜಯಾಳೂ ಬಲಗಾಲಿಟ್ಟು ಒಳಗೆ ಹೋದೆವು. ಪೂಜೆಗೆ ಕೂತೆವು. ಪುರೋಹಿತರು ಸಂಕಲ್ಪ ಶುರು ಮಾಡಿ ನಿರರ್ಗಳವಾಗಿ ಹೇಳಿಕೊಂಡು ಹೋದರು, ಕಾಶ್ಯಪ ಗೋತ್ರ, ನಾಗರಾಜ ಶರ್ಮ. ನಮ್ಮದು ಭಾರದ್ವಾಜ. ವಿಜಯಾ ನನ್ನನ್ನು ತಿವಿದಳು. "ಸ್ವಾಮಿ, ನಾನು ಮೂರ್ತಿ" ಎಂದೆ. ಅವರು ನನ್ನನ್ನು ನೋಡಿ, "ಓಹೋ, ನೀವೋ! ಗುದ್ದಲಿ ಪೂಜೆಯಿಂದ ಅವರ ಹೆಸರೇ ಹೇಳಿ ಅಭ್ಯಾಸ ಆಗ್ಬಿಟ್ಟಿದೆ" ಎಂದು ಮೊದಲಿನಿಂದ ಶುರು ಮಾಡಿದರು. ಮಗಳು ಮೂಲೆಯಲ್ಲಿ ಮುಖಕ್ಕೆ ದುಪಟ್ಟಾ ಅಡ್ಡ ಹಿಡಿದುಕೊಂಡು ನಗುತ್ತಿದ್ದಳು.

ಊಟವಾದ ಮೇಲೆ ಭಾವ ನನ್ನನ್ನು ಜಗುಲಿಗೆ ಕರೆದರು. ಎಲೆ ಅಡಿಕೆ ಮುಂದಿಟ್ಟರು. ಸ್ವಲ್ಪ ಸಂಕೋಚದಿಂದಲೇ, "ಮೂರ್ತಿಯವ್ರೇ, ನಾವೂ ಮುಂದಿನ ತಿಂಗಳು ಕೊಯಮತ್ತೂರಿಗೆ ಹೋಗ್ತಿದೀವಿ, ಮಗಳ ಹತ್ರಾನೇ ಮನೆ ಮಾಡ್ಕೊಂಡು ಇರೋಣ ಅಂತ. ಅಲ್ಲಿ ವಿಳಾಸ ಬದಲಾಯಿಸ್ಬೇಕು. ಈ ಮನೆ ಕರೆಂಟ್ ಮೀಟರು, ನೀರು, ಗ್ಯಾಸು, ನಿಮ್ಮ ಇಲ್ಲಿನ ಮೊಬೈಲ್ ನಂಬರು, ಎಲ್ಲಾ ನನ್ನ ಹೆಸರಲ್ಲೇ ಇದೆ. ನೀವು ಅಲ್ಲಿದ್ರಲ್ಲ, ಅದಕ್ಕೇ ಮಾಡಿಸಿದ್ದೆ. ಈಗ ನೀವೇ ಬಂದ್ರಿ, ಒಂದೊಂದಾಗಿ ನಿಮ್ಮ ಹೆಸರಿಗೆ ಮಾಡಿಸ್ಕೊಂಡ್ಬಿಟ್ರೆ ನಾನು ನಿಶ್ಚಿಂತೆ" ಎಂದರು. ಅವರ ಮುಖ ನೋಡಿದೆ. ಅದು ನನಗೆ ಚೆನ್ನಾಗಿ ಪರಿಚಯವಿದ್ದ ಮುಖ. ಕೇಳಬೇಕೋ ಬೇಡವೋ ಎನ್ನುತ್ತಾ, ಕೇಳಿದ್ದಕ್ಕೆ ತಾನೇ ಕ್ಷಮೆ ಬೇಡುತ್ತಾ ನಿಂತ ಮುಖ. ಖಾಲಿ ಫ್ಲ್ಯಾಟಿನಲ್ಲಿ ಶಾಲು ಹೊದ್ದು ಸೇಬು ತಿಂದದ್ದು ನೆನಪಾಯಿತು. ನಾಳೆಯೇ ಹೋಗಿ ಎಲ್ಲವನ್ನೂ ಬದಲಾಯಿಸಿಕೊಳ್ಳಬೇಕು ಎಂದು ಮನಸ್ಸು ಹೇಳಿತು. ಆದರೆ ಹೊಟ್ಟೆಯಲ್ಲಿ ಹೋಳಿಗೆಯಿತ್ತು, ಜಗುಲಿಯಲ್ಲಿ ತಂಪಾದ ಗಾಳಿಯಿತ್ತು, ಪ್ರಯಾಣದ ಆಯಾಸಕ್ಕೆ ಕಣ್ಣು ಎಳೆಯುತ್ತಿತ್ತು. ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

"ಈಗ್ಯಾಕೆ ಅವಸರ ಭಾವ? ನಿಮ್ಮ ಹೆಸರಲ್ಲೇ ಇರಲಿ ಬಿಡಿ. ಗುರುವಾರ ನೀವೂ ಅತ್ತಿಗೆಯೂ ಊಟಕ್ಕೆ ಬನ್ನಿ."